ಅಡಿಕೆ ಸುಲಿಯುವ ಲೆಕ್ಕಕ್ಕೊಂದು ಆ್ಯಪ್: ಎಂಟು ವಾರ, ಆರು ಮಾದರಿ

ಸಾಗರ ತಾಲ್ಲೂಕಿನ ನಮ್ಮೂರಿನಲ್ಲಿ ಚಿಕ್ಕಪ್ಪನ ತೋಟದ ಅಡಿಕೆ ಕೊಯ್ಲು ಶುರುವಾದರೆ ಅಂಗಳಕ್ಕೆ ಜೀವ ಬರುತ್ತದೆ. ಸಂಜೆ ಆರರಿಂದ ರಾತ್ರಿ ಹತ್ತರ ತನಕ ಚಪ್ಪರದ ಕೆಳಗೆ ಹದಿನಾಲ್ಕು ಹೆಂಗಸರು ಮಣೆಗೆ ಕೂರಿಸಿದ ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿಯುತ್ತಾರೆ. ಸುಲಿದದ್ದನ್ನು ತೂಗಿ, ಕಿಲೋಗೆ ಇಷ್ಟು ಅಂತ ಕೂಲಿ. ಭಾನುವಾರ ಬಟವಾಡೆ. ಲೆಕ್ಕ ಇರುವುದು ಒಂದು ಉದ್ದ ನೋಟ್‌ಬುಕ್ಕಿನಲ್ಲಿ.

ಹೋದ ವರ್ಷ ಆ ಪುಸ್ತಕದ ಎರಡು ಹಾಳೆಯ ಮೇಲೆ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ಚೆಲ್ಲಿತು. ಇಬ್ಬರ ಲೆಕ್ಕ ತಾಳೆಯಾಗಲಿಲ್ಲ. ಅವರು ಹೇಳಿದಷ್ಟನ್ನೇ ಚಿಕ್ಕಪ್ಪ ಕೊಟ್ಟರು. ಆದರೂ ಎರಡೂ ಕಡೆ ಬೇಜಾರು ಉಳಿಯಿತು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಈ ಸಲ ಕೊಯ್ಲಿನ ಹೊತ್ತಿಗೆ ಒಂದು ಆ್ಯಪ್ ಮಾಡಿಕೊಡುತ್ತೇನೆ ಎಂದೆ. ಶುಕ್ರವಾರ ರಾತ್ರಿ ತಾಳಗುಪ್ಪದ ರೈಲು ಹತ್ತುವುದು, ಭಾನುವಾರ ರಾತ್ರಿ ವಾಪಸ್.

ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಒಂದು ವಾರಾಂತ್ಯಕ್ಕೆ ಒಂದು ಮಾದರಿ. ಎಷ್ಟು ಅರೆಬರೆ ಆಗಿದ್ದರೂ ಅದೇ ಸಂಜೆ ಅಂಗಳದಲ್ಲಿ ಬಳಸಿ ನೋಡಬೇಕು. ಸಮಯ ಸಾಲದಿದ್ದರೆ ಕೆಲಸ ಕಡಿಮೆ ಮಾಡಬೇಕೇ ಹೊರತು ದಿನ ಮುಂದೆ ಹಾಕಬಾರದು. 1990ರ ದಶಕದ ಶುರುವಿನಲ್ಲಿ ಕಂಪ್ಯೂಟರ್ ತಜ್ಞ ಜೇಮ್ಸ್ ಮಾರ್ಟಿನ್ ಜನಪ್ರಿಯ ಮಾಡಿದ, ಬೇಗ ಮಾದರಿ ಮಾಡಿ ಬಳಸುತ್ತಾ ತಿದ್ದುವ ರ‍್ಯಾಪಿಡ್ ಅಪ್ಲಿಕೇಶನ್ ಡೆವಲಪ್‌ಮೆಂಟ್ ಪದ್ಧತಿಯಲ್ಲಿ ಇದಕ್ಕೆ ಟೈಮ್‌ಬಾಕ್ಸ್ ಅನ್ನುತ್ತಾರೆ. ಆಫೀಸಿನಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೆ. ನಿಜವಾಗಿ ಪಾಲಿಸಿದ್ದು ಇಲ್ಲೇ ಮೊದಲು.

ನವೆಂಬರ್ 9, 2024. ಮಾದರಿ 1: ರಟ್ಟು ಮತ್ತು ಪೆನ್ಸಿಲ್

ಮೊದಲ ಸಂಜೆ ಲ್ಯಾಪ್‌ಟಾಪ್ ತೆರೆಯಲಿಲ್ಲ. ತೂಗುವ ಜಾಗದಲ್ಲಿ ಸುಮ್ನೆ ಕೂತು ನೋಡಿದೆ. ತೂಗುವುದು ಚಿಕ್ಕಮ್ಮ, ಬರೆಯುವುದು ಚಿಕ್ಕಪ್ಪ. ಫೋನಿನ ಸ್ಟಾಪ್‌ವಾಚ್ ಹಿಡಿದು ಅಳೆದೆ. ಒಂದು ತೂಕ ಬರೆಯಲು ನೋಟ್‌ಬುಕ್ಕಿನಲ್ಲಿ ಸುಮಾರು 7 ಸೆಕೆಂಡ್. ಈ ಅಂಕಿ ಮುಂದೆ ಪ್ರತಿ ಮಾದರಿಗೂ ಅಳತೆಗೋಲಾಯಿತು.

ಮಾರನೆಯ ಬೆಳಿಗ್ಗೆ ಒಂದು ರಟ್ಟಿನ ಪೆಟ್ಟಿಗೆಯಿಂದ ಫೋನ್ ಗಾತ್ರದ ಆರು ತುಂಡು ಕತ್ತರಿಸಿದೆ. ಒಂದೊಂದರ ಮೇಲೆ ಪೆನ್ಸಿಲ್‌ನಲ್ಲಿ ಒಂದೊಂದು ಪರದೆ. ಹೆಸರಿನ ಪಟ್ಟಿ, ಅಂಕಿ ಒತ್ತುವ ಜಾಗ, 'ಸರಿ' ಬಟನ್. ಚಿಕ್ಕಮ್ಮ ಬೆರಳಿಟ್ಟರೆ ನಾನು ಕೈಯಲ್ಲೇ ರಟ್ಟು ಬದಲಿಸುವುದು. ಖರ್ಚು ಸೊನ್ನೆ, ಸಮಯ 40 ನಿಮಿಷ.

ಇಡೀ ಎಂಟು ವಾರದಲ್ಲಿ ಜಾಸ್ತಿ ಉಳಿತಾಯ ಆಗಿದ್ದು ಈ ರಟ್ಟಿನಿಂದ. ನಾನು 'ಬುಟ್ಟಿ ತೂಕ' ಅಂತ ಒಂದು ಖಾನೆ ಹಾಕಿದ್ದೆ. ಚಿಕ್ಕಪ್ಪ ಇಷ್ಟು ವರ್ಷ ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಬುಟ್ಟಿಗೆ 1 ಕಿಲೋ ಕಳೆಯುತ್ತಿದ್ದರು. ರಟ್ಟು ನೋಡಿದ ಒಬ್ಬ ಅಕ್ಕ ಕೇಳಿದರು:

"ಎಂತ ತಮ್ಮಾ, ನನ್ನ ಬುಟ್ಟಿ ಪ್ಲಾಸ್ಟಿಕ್ಕಿಂದು. ಅವಳದ್ದು ಬಿದಿರಿಂದು. ಎರಡಕ್ಕೂ ಒಂದೇ ಕಿಲೋ ಕಳೆದ್ರೆ ಹೆಂಗೆ?"

ತೂಗಿ ನೋಡಿದೆವು. ಪ್ಲಾಸ್ಟಿಕ್ ಬುಟ್ಟಿ 680 ಗ್ರಾಂ. ಒದ್ದೆ ಬಿದಿರಿನದು 1 ಕಿಲೋ 350 ಗ್ರಾಂ. ಆಕೆಗೆ ಪ್ರತಿ ತೂಕದಲ್ಲೂ 320 ಗ್ರಾಂ ನಷ್ಟವಾಗುತ್ತಿತ್ತು. ಎಷ್ಟು ವರ್ಷದಿಂದಲೋ!

ನನ್ನ ಮೊದಲ ಯೋಚನೆ ಪ್ರತಿಯೊಬ್ಬರ ಬುಟ್ಟಿ ತೂಕವನ್ನು ಆ್ಯಪ್‌ನಲ್ಲಿ ಇಡುವುದು. ಚಿಕ್ಕಮ್ಮ ಅದಕ್ಕಿಂತ ಸರಳ ದಾರಿ ಹೇಳಿದರು. ಎಲ್ಲರೂ ಒಂದೇ ಬಕೆಟ್ಟಿಗೆ ಸುರಿಯಲಿ, ಆ ಬಕೆಟ್ಟಿನ ತೂಕ ತಕ್ಕಡಿಯಲ್ಲೇ ಸೊನ್ನೆ ಮಾಡಿಡೋಣ. ಸಾಗರದ ಪೇಟೆಗೆ ಹೋಗಿ 50 ಕಿಲೋ ತನಕ ತೂಗುವ ಡಿಜಿಟಲ್ ತೂಗು ತಕ್ಕಡಿ ತಂದೆವು, 1,150 ರೂಪಾಯಿ. 10 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ, ಹಾಗೆ ಸೊನ್ನೆ ಮಾಡುವ ಟೇರ್ ಬಟನ್ ಇದೆ. ಬಕೆಟ್ಟಿಗೆ 180 ರೂಪಾಯಿ. ರಟ್ಟಿನ ಮೇಲಿದ್ದ ಆ ಖಾನೆಯನ್ನು ರಬ್ಬರಿನಿಂದ ಅಳಿಸಿದೆ. ಅದಕ್ಕೆ ಕೋಡ್ ಬರೆಯುವ ಕೆಲಸವೇ ತಪ್ಪಿತು.

ನವೆಂಬರ್ 16. ಮಾದರಿ 2: ಗೂಗಲ್ ಶೀಟ್ ಮತ್ತು ಫಾರ್ಮ್

ಎರಡು ಗಂಟೆಯ ಕೆಲಸ. ಫಾರ್ಮ್‌ನಲ್ಲಿ ಹೆಸರು ಆರಿಸಿ ತೂಕ ಹಾಕಿದರೆ ಶೀಟಿನಲ್ಲಿ ಒಂದು ಸಾಲು ಬೀಳುತ್ತದೆ. ಇನ್ನೊಂದು ಹಾಳೆಯಲ್ಲಿ, ಹೇಳಿದ ಹೆಸರು, ದಿನಾಂಕದ ಸಾಲುಗಳನ್ನಷ್ಟೇ ಕೂಡುವ ಸಮ್‌ಇಫ್ಸ್ ಸೂತ್ರದಿಂದ ವಾರದ ಮೊತ್ತ.

ತಪ್ಪು ಒಂದು: ಅಂಗಳದಲ್ಲಿ ನೆಟ್‌ವರ್ಕ್ ಬರುವುದಿಲ್ಲ. ನನಗೆ ಗೊತ್ತಿದ್ದ ವಿಷಯ. ಆದರೂ ಪರೀಕ್ಷೆ ಮಾಡಿದ್ದು ಮಹಡಿಯ ಕಿಟಕಿ ಪಕ್ಕ ಕೂತು. ಅಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಸಂಜೆ ಅಂಗಳದಲ್ಲಿ ಒಂದು ಫಾರ್ಮೂ ಹೋಗಲಿಲ್ಲ. ತೂಕಗಳನ್ನು ಕಾಗದದ ಮೇಲೆ ಬರೆದುಕೊಂಡು ರಾತ್ರಿ ಮಹಡಿಗೆ ಹೋಗಿ ತುಂಬಿದೆ. ಒಂದಕ್ಕೆ ಸರಾಸರಿ 48 ಸೆಕೆಂಡ್ ಹಿಡಿಯಿತು.

ತಪ್ಪು ಎರಡು: ಮೊತ್ತ ಸರಿ ಬರುತ್ತದಾ ನೋಡಲು ಅಕ್ಟೋಬರ್ 28ರಿಂದ ನವೆಂಬರ್ 9ರ ತನಕದ ಹಳೆ ಲೆಕ್ಕವನ್ನು ಪುಸ್ತಕದಿಂದ ಟೈಪ್ ಮಾಡಿದ್ದೆ. ವಾರದ ಮೊತ್ತ ಸೊನ್ನೆ ಬಂತು. ಸೂತ್ರವನ್ನು ಒಂದು ಗಂಟೆ ತಿದ್ದಿದೆ. ಸೂತ್ರದಲ್ಲಿ ಏನೂ ತಪ್ಪಿರಲಿಲ್ಲ. ಶೀಟಿನ ಲೊಕೇಲ್, ಅಂದರೆ ಯಾವ ದೇಶದ ಪದ್ಧತಿ ಅನ್ನುವ ಸೆಟ್ಟಿಂಗ್, ಅಮೆರಿಕದ್ದಾಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ 1/11 ಜನವರಿ 11 ಆಯಿತು, 9/11 ಸೆಪ್ಟೆಂಬರ್ 11 ಆಯಿತು. 28/10 ದಿನಾಂಕವೇ ಅಲ್ಲ, ಬರೀ ಅಕ್ಷರ ಅಂತ ಕೂತಿತು. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಅನ್ನು ಭಾರತಕ್ಕೆ ಬದಲಿಸಿ, ದಿನಾಂಕಗಳನ್ನು ಮತ್ತೆ ಟೈಪ್ ಮಾಡಿದೆ. ಲೊಕೇಲ್ ಬದಲಿಸಿದರೆ ಮೊದಲೇ ತಪ್ಪಾಗಿ ಕೂತ ದಿನಾಂಕ ತಾನಾಗಿ ಸರಿಯಾಗುವುದಿಲ್ಲ, ನೆನಪಿರಲಿ. ಹೊಸ ಶೀಟ್ ತೆರೆದಾಗ ಮೊದಲು ನೋಡಬೇಕಾದ್ದು ಇದನ್ನೇ.

ನವೆಂಬರ್ 23ರಿಂದ ಡಿಸೆಂಬರ್ 8. ಮಾದರಿ 3: ಆ್ಯಪ್‌ಶೀಟ್

ಅದೇ ಶೀಟಿನ ಮೇಲೆ ಆ್ಯಪ್‌ಶೀಟ್ ಕೂರಿಸಿದೆ. ಕೋಡ್ ಬರೆಯದೆ ಆ್ಯಪ್ ಕಟ್ಟುವ ಸಾಧನ ಅದು. ಪ್ರಯೋಗಕ್ಕೆ ದುಡ್ಡು ಕೊಡಬೇಕಾಗಿಲ್ಲ. ನೆಟ್‌ವರ್ಕ್ ಇಲ್ಲದಾಗ ಫೋನಿನಲ್ಲೇ ಇಟ್ಟುಕೊಂಡು, ಸಿಕ್ಕಾಗ ಶೀಟಿಗೆ ಕಳಿಸುವ ಸೌಲಭ್ಯ ಇದೆ. ಶನಿವಾರ ಮಧ್ಯಾಹ್ನ ಶುರು ಮಾಡಿ ಸಂಜೆಗೆ ಅಂಗಳಕ್ಕೆ ತಂದೆ. ಅಷ್ಟು ಬೇಗ ಆಗಿದ್ದು ನೋಡಿ ಖುಷಿಯಾಯಿತು.

ಮೊದಲ ರಾತ್ರಿಯೇ ತೊಂದರೆ. ಪ್ರತಿ ಸಾಲಿಗೂ ಅದನ್ನು ಬೇರೆಯಾಗಿ ಗುರುತಿಸುವ ಒಂದು ಕೀ ಬೇಕು. ನಾನು ಹೆಸರು ಮತ್ತು ದಿನಾಂಕ ಸೇರಿಸಿ ಕೀ ಮಾಡಿದ್ದೆ. ನೋಟ್‌ಬುಕ್ಕಿನಲ್ಲಿ ಒಬ್ಬರಿಗೆ ದಿನಕ್ಕೆ ಒಂದೇ ಖಾನೆ ಇತ್ತಲ್ಲ, ಅದನ್ನು ನೋಡಿ. ಆದರೆ ಒಬ್ಬೊಬ್ಬರು ಸಂಜೆಗೆ ಎರಡು ಸಲ ತೂಗಿಸುತ್ತಾರೆ. ಚಿಕ್ಕಪ್ಪ ಅವೆರಡನ್ನೂ ಮನಸ್ಸಿನಲ್ಲೇ ಕೂಡಿ ಬರೆಯುತ್ತಿದ್ದರು ಅನ್ನುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎರಡನೇ ತೂಕ ಹಾಕಿದರೆ ಆ ಕೀ ಆಗಲೇ ಇದೆ ಅಂತ ಆ್ಯಪ್ ಬೇಡ ಎಂದಿತು. ಯುನೀಕ್‌ಐಡಿ ಫಂಕ್ಷನ್ ಬಳಸಿ ಪ್ರತಿ ತೂಕಕ್ಕೂ ಬೇರೆ ಕೀ ಕೊಟ್ಟ ಮೇಲೆ ಸರಿಯಾಯಿತು. ಹತ್ತು ನಿಮಿಷದ ತಿದ್ದುಪಡಿ.

ದೊಡ್ಡ ತಪ್ಪು ಆಮೇಲೆ ಬಂತು.

ಸುಲಿಯುವ ದರ ಕಿಲೋಗೆ 13 ರೂಪಾಯಿ ಇತ್ತು. ಡಿಸೆಂಬರ್ 4ರಂದು ಚಿಕ್ಕಪ್ಪ 14 ಮಾಡಿದರು. ನಾನೇ ಹೇಳಿಕೊಟ್ಟಂತೆ ದರದ ಹಾಳೆಯಲ್ಲಿ 13 ಅಳಿಸಿ 14 ಬರೆದರು. ಆ ರಾತ್ರಿಯೇ ಬೆಂಗಳೂರಿಗೆ ಫೋನ್ ಬಂತು. ಡಿಸೆಂಬರ್ 1ರಂದು ಬಟವಾಡೆ ಮುಗಿದ ವಾರಕ್ಕೂ ಎಲ್ಲರ ಹೆಸರಿನ ಮುಂದೆ ಬಾಕಿ ಕಾಣಿಸುತ್ತಿದೆ ಅಂತ. ಒಬ್ಬರದು ಆ ವಾರ 138 ಕಿಲೋ. 1,794 ರೂಪಾಯಿ ಕೊಟ್ಟಾಗಿತ್ತು. ಈಗ ಆ್ಯಪ್ 1,932 ಅನ್ನುತ್ತಿದೆ, 138 ರೂಪಾಯಿ ಬಾಕಿ.

ಕಾರಣ ಇಷ್ಟೇ. ಕೂಲಿಯನ್ನು ನಾನು ವರ್ಚುವಲ್ ಕಾಲಂ ಆಗಿ ಮಾಡಿದ್ದೆ. ಅದು ಎಲ್ಲೂ ಉಳಿಯುವುದಿಲ್ಲ. ಪ್ರತಿ ಸಲ ಆಗ ಇರುವ ದರದಿಂದ ಹೊಸದಾಗಿ ಲೆಕ್ಕ ಹಾಕುತ್ತದೆ. ದರ ಬದಲಾದರೆ ಹಳೆಯ ಲೆಕ್ಕವೂ ಬದಲಾಗುತ್ತದೆ. ಸರಿಯಾದ ದಾರಿ ಎಂದರೆ ಶೀಟಿನಲ್ಲೇ 'ದರ' ಅಂತ ಒಂದು ನಿಜವಾದ ಕಾಲಂ ಇಟ್ಟು, ತೂಕ ಬರೆಯುವ ಕ್ಷಣದ ದರವನ್ನು ಇನಿಷಿಯಲ್ ವ್ಯಾಲ್ಯೂ ಆಗಿ ಅದರೊಳಗೆ ಬರೆದುಬಿಡುವುದು. ಒಮ್ಮೆ ಬರೆದದ್ದು ಮತ್ತೆ ಅಲುಗಾಡಬಾರದು.

ತಿದ್ದಲು ಅರ್ಧ ಗಂಟೆ ಸಾಕಾಯಿತು. ಆದರೆ ಸುದ್ದಿ ಅಷ್ಟರಲ್ಲೇ ಅಂಗಳ ಸುತ್ತಿತ್ತು. ಆ್ಯಪ್ ತೋರಿಸಿದ ಬಾಕಿಯನ್ನು ಕೊಡುವುದಿಲ್ಲ ಅನ್ನಲು ಚಿಕ್ಕಪ್ಪನಿಗೆ ಮನಸ್ಸಾಗಲಿಲ್ಲ. ಹದಿನಾಲ್ಕು ಜನರಿಗೂ ಆ ವಾರಕ್ಕೆ ಕಿಲೋಗೆ ಒಂದು ರೂಪಾಯಿ ಜಾಸ್ತಿ ಕೊಟ್ಟರು. ಆ ದುಡ್ಡು ನಾನು ಕೊಡುತ್ತೇನೆ ಅಂದರೂ ಕೇಳಲಿಲ್ಲ.

ಇದೇ ಮಾದರಿಯಲ್ಲಿ ಇನ್ನೊಂದು ವಿಷಯ ಗೊತ್ತಾಯಿತು, ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಅದೇ. ಡಿಸೆಂಬರ್ 7ರ ಸಂಜೆ ಎಲ್ಲರಿಗಿಂತ ಹಿರಿಯ ಅಕ್ಕ ತೂಗಿಸಿದ ಮೇಲೂ ಜಾಗ ಬಿಟ್ಟು ಏಳಲಿಲ್ಲ.

"ಪುಸ್ತಕದಾಗೆ ಆದ್ರೆ ಬರೆದಿದ್ದು ಕಾಣ್ತಿತ್ತು. ಈಗ ನೀವು ಅದರೊಳಗೆ ಎಷ್ಟು ಒತ್ತಿದ್ರಿ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ನೋಟ್‌ಬುಕ್ ಜಗಲಿಯ ಮೇಲೆ ತೆರೆದೇ ಇರುತ್ತಿತ್ತು. ಓದು ಬಾರದವರಿಗೂ ಅಂಕಿ ಗೊತ್ತು. ತೂಗಿಸಿ ಹೋಗುವಾಗ ಎಲ್ಲರೂ ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ಫೋನ್ ಬಂದ ಮೇಲೆ ಪರದೆ ನಮ್ಮ ಕಡೆ ತಿರುಗಿತು, ಅವರಿಗೆ ಕಾಣುವುದು ಅದರ ಬೆನ್ನು ಮಾತ್ರ. ಅಲ್ಲಿಯ ತನಕ ನಾನು ಆ್ಯಪ್ ಬಳಸುವವರು ಅಂದರೆ ಚಿಕ್ಕಪ್ಪ, ಚಿಕ್ಕಮ್ಮ ಅಂದುಕೊಂಡಿದ್ದೆ. ಅವರನ್ನಷ್ಟೇ ಏನು ಬೇಕು ಅಂತ ಕೇಳಿದ್ದೆ. ಈ ಲೆಕ್ಕ ಯಾರ ಕೂಲಿಯೋ ಅವರನ್ನು ಕೇಳಿರಲಿಲ್ಲ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಡಿಸೆಂಬರ್ 14. ಮಾದರಿ 4: ಸ್ವಂತ ವೆಬ್ ಪುಟ

ಆ್ಯಪ್‌ಶೀಟ್ ಬಿಡಲು ಕಾರಣ ದರದ ತಪ್ಪಲ್ಲ, ಅದು ನನ್ನದು. ಕಾರಣ ವೇಗ. ಒಂದು ತೂಕಕ್ಕೆ 25 ಸೆಕೆಂಡ್ ಹಿಡಿಯುತ್ತಿತ್ತು. ರಾತ್ರಿ ಹತ್ತಕ್ಕೆ ಹದಿನಾಲ್ಕು ಜನ ಸಾಲಿನಲ್ಲಿ ನಿಂತರೆ ಕೊನೆಯವರಿಗೆ ಆರು ನಿಮಿಷ. ಅವರು ಟಾರ್ಚ್ ಹಿಡಿದು ಕತ್ತಲಲ್ಲಿ ಮನೆಗೆ ನಡೆಯಬೇಕು. ಆರು ನಿಮಿಷ ಸಣ್ಣದಲ್ಲ.

ಒಂದೇ ಎಚ್‌ಟಿಎಂಎಲ್ ಫೈಲ್, ದತ್ತಾಂಶ ಫೋನಿನ ಬ್ರೌಸರಿನಲ್ಲೇ ಇಂಡೆಕ್ಸ್‌ಡ್‌ಡಿಬಿ ಅನ್ನುವ ಸಂಗ್ರಹದಲ್ಲಿ. ನೆಟ್‌ವರ್ಕ್ ಇಲ್ಲದೆಯೂ ತೆರೆಯಲು ಸರ್ವಿಸ್ ವರ್ಕರ್ ಅನ್ನುವ ಸಣ್ಣ ಕೋಡ್. ಪುಟ ಇಟ್ಟಿದ್ದು ವೆಬ್ ಪುಟಗಳಿಗೆ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ, ಖರ್ಚಿಲ್ಲ. ಶನಿವಾರ, ಭಾನುವಾರ ಸೇರಿ 14 ಗಂಟೆ.

ಈ ಹೊತ್ತಿಗೆ ಏನು ಬೇಕು ಅನ್ನುವುದು ಗೊತ್ತಿತ್ತು. ಹೆಸರುಗಳನ್ನು ಅಕಾರಾದಿಯಲ್ಲಿ ಇಡಲಿಲ್ಲ, ಅಂಗಳದಲ್ಲಿ ಕೂರುವ ಸಾಲಿನಲ್ಲಿ ಇಟ್ಟೆ. ಒಂದೇ ಹೆಸರಿನ ಇಬ್ಬರಿದ್ದಾರೆ. ಜಾಗದಿಂದ ಗುರುತಿಸಿದರೆ ಆ ಗೊಂದಲವೂ ಇಲ್ಲ. ಅಂಕಿ ಒತ್ತುವ ಜಾಗದಿಂದ ಚುಕ್ಕಿಯನ್ನು ತೆಗೆದೆ. ಹಿಂದಿನ ವಾರ ಚುಕ್ಕಿ ಒತ್ತಲು ಮರೆತು 11.4 ಹೋಗಿ 114 ಕಿಲೋ ಆಗಿತ್ತು. ಈಗ ತಕ್ಕಡಿ 11.42 ತೋರಿಸಿದರೆ 1142 ಒತ್ತಬೇಕು, ಕೊನೆಯ ಎರಡು ಅಂಕಿ ಯಾವಾಗಲೂ ಚುಕ್ಕಿಯ ಆಚೆಯದು. ಒಳಗೆ ಗ್ರಾಂ ಮತ್ತು ಪೈಸೆಯಲ್ಲಿ ಪೂರ್ಣಾಂಕವಾಗಿ ಉಳಿಯುತ್ತದೆ. ಒಂದು ತೂಕ 25 ಕಿಲೋ ದಾಟಿದರೆ 'ಸರಿಯಾ?' ಅಂತ ಕೇಳುತ್ತದೆ.

ಪುಸ್ತಕದಿಂದ ಹೆಸರು, ಅಂಕಿ ತುಂಬುವಾಗ ಕನ್ನಡ ಕೀಬೋರ್ಡಿನಲ್ಲಿ ೫೦೦ ಅಂತ ಹಾಕಿದ್ದೆ. ಪುಟದ ಕೋಡ್ ಬರೆದ ಭಾಷೆ ಜಾವಾಸ್ಕ್ರಿಪ್ಟ್‌ಗೆ ಅದು ಸಂಖ್ಯೆ ಅಲ್ಲ. ಮೊತ್ತದ ಜಾಗದಲ್ಲಿ ಸಂಖ್ಯೆಯೇ ಬರಲಿಲ್ಲ. ಕನ್ನಡದ ಹತ್ತು ಅಂಕಿಗಳನ್ನು ಮೊದಲೇ ಬದಲಿಸಿಕೊಳ್ಳುವ ಒಂದು ಸಾಲು ಸೇರಿಸಿದೆ. ನಮ್ಮ ಭಾಷೆಯಲ್ಲಿ ಆ್ಯಪ್ ಮಾಡುವವರೆಲ್ಲ ಆ ಒಂದು ಸಾಲು ಬರೆಯಲೇಬೇಕು ಅಂತ ನನಗನ್ನಿಸುತ್ತದೆ.

ಕೈಯ ಸಮಸ್ಯೆ ಕೋಡಿನಿಂದ ಬಗೆಹರಿಯಲಿಲ್ಲ. ಹಸಿ ಅಡಿಕೆಯ ರಸ ಮೆತ್ತಿದ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ. ಚಿಕ್ಕಮ್ಮ ತೂಗುವುದು, ಹತ್ತನೇ ಕ್ಲಾಸಿನಲ್ಲಿ ಓದುವ ಚಿಕ್ಕಪ್ಪನ ಮಗ ಒತ್ತುವುದು ಅಂತ ಮಾಡಿಕೊಂಡೆವು. ಸಮಯ 9 ಸೆಕೆಂಡಿಗೆ ಇಳಿಯಿತು.

ಡಿಸೆಂಬರ್ 21. ಮಾದರಿ 5: ಚೀಟಿ ಪ್ರಿಂಟರ್

ಹಿರಿಯ ಅಕ್ಕನ ಮಾತಿಗೆ ಉತ್ತರ ಅಂತ 58 ಮಿಲಿಮೀಟರ್ ಅಗಲದ ಬ್ಲೂಟೂತ್ ಥರ್ಮಲ್ ಪ್ರಿಂಟರ್ ತಂದೆ. 2,400 ರೂಪಾಯಿ, ಕಾಗದದ ಸುರುಳಿಗಳಿಗೆ 200. ತೂಗಿದ ಕೂಡಲೇ ಕೈಗೆ ಚೀಟಿ.

ಈ ಪ್ರಿಂಟರಿನೊಳಗೆ ಕನ್ನಡ ಅಕ್ಷರಗಳೇ ಇಲ್ಲ. ಕಳಿಸಿದ್ದೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಬಂತು. ಚೀಟಿಯನ್ನು ಮೊದಲು ಫೋನಿನಲ್ಲೇ ಚಿತ್ರವಾಗಿ ಬರೆದು, 384 ಚುಕ್ಕಿ ಅಗಲದ ಕಪ್ಪು ಬಿಳುಪು ಚಿತ್ರವಾಗಿ ಕಳಿಸಬೇಕು. ಅದಕ್ಕೆ ಶನಿವಾರ ಇಡೀ ಹೋಯಿತು. ಸಂಜೆ ಮೊದಲ ಕನ್ನಡ ಚೀಟಿ ಬಂದಾಗ ಎಲ್ಲರೂ ಕೈಗೆ ತೆಗೆದುಕೊಂಡು ನೋಡಿದರು.

ಭಾನುವಾರ ಬೆಳಿಗ್ಗೆ ಮೂವರು ಚೀಟಿ ವಾಪಸ್ ತಂದರು. ಅಡಿಕೆ ಬೇಯುವ ಹಂಡೆಯ ಒಲೆ ಪಕ್ಕ ಇಟ್ಟಿದ್ದ ಎರಡು ಚೀಟಿ ಪೂರ್ತಿ ಕಪ್ಪಾಗಿದ್ದವು. ಥರ್ಮಲ್ ಕಾಗದದಲ್ಲಿ ಶಾಯಿ ಇಲ್ಲ, ಬಿಸಿಗೆ ಅದೇ ಕಪ್ಪಾಗುತ್ತದೆ. ಬಿಸಿ ಒಲೆ ಪಕ್ಕ ಅದನ್ನು ಕೊಟ್ಟವನು ನಾನು. ಇನ್ನೊಂದು ಬೆವರಿಗೆ ಒದ್ದೆಯಾಗಿ ಮುದ್ದೆಯಾಗಿತ್ತು. 2,600 ರೂಪಾಯಿ ಮತ್ತು ಒಂದು ವಾರಾಂತ್ಯ ಹೋಯಿತು. ಪ್ರಿಂಟರ್ ತರುವ ಮೊದಲು ಅಂಗಡಿಯ ಯಾವುದಾದರೂ ಥರ್ಮಲ್ ಬಿಲ್ಲನ್ನು ಒಂದು ರಾತ್ರಿ ಒಲೆ ಪಕ್ಕ ಇಟ್ಟು ನೋಡಿದ್ದರೆ ಉತ್ತರ ಸಿಗುತ್ತಿತ್ತು.

ಡಿಸೆಂಬರ್ 28. ಮಾದರಿ 6: ದನಿ ಮತ್ತು ಕಾರ್ಡು

ಬ್ರೌಸರಿಗೆ ಪಠ್ಯ ಓದಿ ಹೇಳುವ ಸೌಲಭ್ಯ ಇದೆ. 'ಉಳಿಸು' ಒತ್ತಿದರೆ ಫೋನು ಹೆಸರು ಹಿಡಿದು "11 ಕಿಲೋ 420 ಗ್ರಾಂ, ಇವತ್ತು ಒಟ್ಟು 21 ಕಿಲೋ 200 ಗ್ರಾಂ" ಅಂತ ಗಟ್ಟಿಯಾಗಿ ಹೇಳುವ ಹಾಗೆ ಮಾಡಿದೆ. ಚುಕ್ಕಿ ಇಟ್ಟ ಸಂಖ್ಯೆಯನ್ನು ಓದಿಸುವ ಬದಲು ಕಿಲೋ, ಗ್ರಾಂ ಬೇರೆ ಮಾಡಿ ಕೊಟ್ಟೆ. ಕೇಳಲು ನಮ್ಮ ಮಾತಿನ ಹಾಗೇ ಇದೆ. ಬೆಳಿಗ್ಗೆ ಮಹಡಿಯಲ್ಲಿ ಚೆನ್ನಾಗಿ ಮಾತಾಡಿದ ಫೋನು ಸಂಜೆ ಅಂಗಳದಲ್ಲಿ ಮೂಕವಾಯಿತು. ಕನ್ನಡ ದನಿಯನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಇಳಿಸಿಕೊಳ್ಳಬೇಕಿತ್ತು. ಮಾದರಿ 2ರಲ್ಲಿ ಮಾಡಿದ ತಪ್ಪನ್ನೇ ಮತ್ತೆ ಮಾಡಿದ್ದೆ. ಆಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕದೆ ಏನನ್ನೂ ಪರೀಕ್ಷಿಸಿಲ್ಲ.

ಜೊತೆಗೆ 120 ರೂಪಾಯಿಗೆ ದಪ್ಪ ರಟ್ಟಿನ ಕಾರ್ಡು, ಬಾಲ್ ಪೆನ್. ಪ್ರತಿಯೊಬ್ಬರಿಗೂ ಒಂದು. ಫೋನು ಹೇಳಿದ ತೂಕವನ್ನು ಚಿಕ್ಕಪ್ಪ ಅವರವರ ಕಾರ್ಡಿನಲ್ಲಿ ಬರೆದು ಕೊಡುವುದು, ಅವರು ಮನೆಗೆ ಒಯ್ಯುವುದು. ಒಂದು ತೂಕಕ್ಕೆ 13 ಸೆಕೆಂಡ್ ಆಯಿತು. 9ಕ್ಕಿಂತ ಜಾಸ್ತಿ, ಆದರೆ ಈ ನಾಲ್ಕು ಸೆಕೆಂಡಿಗೆ ಯಾರೂ ಬೇಡ ಅನ್ನಲಿಲ್ಲ. ಹಿರಿಯ ಅಕ್ಕ ಮೊದಲ ಸಲ ದನಿ ಕೇಳಿ ಕಾರ್ಡು ನೋಡಿ, ಒಂದೇ ಮಾತು ಹೇಳಿ ಎದ್ದರು: "ಈಗ ಸರಿ."

ಜನವರಿ 3 ಮತ್ತು 4, 2025: ಲೆಕ್ಕ ಅಳಿಸಿಹೋದದ್ದು

ಶುಕ್ರವಾರ ಫೋನಿನಲ್ಲಿ ಜಾಗ ತುಂಬಿತ್ತು. ಚಿಕ್ಕಪ್ಪನ ಮಗ ಸೆಟ್ಟಿಂಗ್ಸ್‌ಗೆ ಹೋಗಿ ಬ್ರೌಸರಿನ ಸ್ಟೋರೇಜ್ ಖಾಲಿ ಮಾಡಿದ. ಅದರ ಜೊತೆ ಇಂಡೆಕ್ಸ್‌ಡ್‌ಡಿಬಿಯೂ ಹೋಯಿತು. ತಪ್ಪು ಅವನದಲ್ಲ. ಲೆಕ್ಕ ಅದರೊಳಗಿದೆ ಅಂತ ನಾನು ಅವನಿಗೆ ಹೇಳಿರಲಿಲ್ಲ. ಪ್ರತಿಯನ್ನು ಹೊರಗೆ ತೆಗೆದಿಟ್ಟದ್ದು ಡಿಸೆಂಬರ್ 29ರಂದು ಕೊನೆ. ಸೋಮವಾರದಿಂದ ಗುರುವಾರದ ತನಕದ ನಾಲ್ಕು ಸಂಜೆ ಇಲ್ಲ. ಹುಡುಗ ಅಳುತ್ತಾ ಫೋನ್ ಮಾಡಿದ.

ಶನಿವಾರ ಸಂಜೆ ಎಲ್ಲರೂ ಕಾರ್ಡು ತಂದರು. ಹದಿನಾಲ್ಕು ಕಾರ್ಡಿನಿಂದ 109 ತೂಕ ಮತ್ತೆ ತುಂಬಿದೆವು, 50 ನಿಮಿಷ. ಒಂದೂ ತಪ್ಪಿಹೋಗಿರಲಿಲ್ಲ. ಅವರಿಗೆ ನಂಬಿಕೆ ಬರಲಿ ಅಂತ ಕೊಟ್ಟ ಕಾರ್ಡು ನಮ್ಮ ಲೆಕ್ಕ ಉಳಿಸಿತು.

ಸ್ಟೋರೇಜ್ ಕಾಯ್ದಿಡು ಅಂತ ಬ್ರೌಸರನ್ನು ಕೇಳಿಕೊಳ್ಳುವ ಸೌಲಭ್ಯ ಇದೆ. ಅದನ್ನೂ ಸೇರಿಸಿದೆ. ಆದರೆ ಬಳಸುವವರೇ ಖಾಲಿ ಮಾಡಿದರೆ ಅದು ತಡೆಯುವುದಿಲ್ಲ. ಆದ್ದರಿಂದ ರಾತ್ರಿ 'ಇವತ್ತಿನ ಲೆಕ್ಕ ಮುಗಿಯಿತು' ಒತ್ತಿದರೆ ಸಿಎಸ್‌ವಿ (ಶೀಟಿನಲ್ಲಿ ತೆರೆಯಬಹುದಾದ ಪಟ್ಟಿ) ಫೈಲು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಲು ಸಿದ್ಧವಾಗುವ ಹಾಗೆ ಮಾಡಿದೆ. ನೆಟ್‌ವರ್ಕ್ ಸಿಕ್ಕಾಗ ತಾನಾಗಿ ಹೋಗುತ್ತದೆ. ಕಳಿಸದೆ ಮಾರನೆಯ ದಿನದ ಪುಟ ತೆರೆಯುವುದಿಲ್ಲ.

ಜನವರಿ 5: ಬಟವಾಡೆ

ಹದಿನಾಲ್ಕು ಜನ, 22 ನಿಮಿಷ. ಮೊದಲೆಲ್ಲ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಒಬ್ಬರ ಕಾರ್ಡಿಗೂ ಆ್ಯಪ್‌ಗೂ 600 ಗ್ರಾಂ ವ್ಯತ್ಯಾಸ ಬಂತು. ಕಾರ್ಡಿನಲ್ಲಿ 8.80, ಆ್ಯಪ್‌ನಲ್ಲಿ 8.20. ಕಾರ್ಡಿನ ಲೆಕ್ಕವನ್ನೇ ಕೊಟ್ಟೆವು, ಇನ್ನು ಮುಂದೆಯೂ ಹಾಗೇ ಅಂತ ಎಲ್ಲರ ಮುಂದೆ ಚಿಕ್ಕಪ್ಪ ಹೇಳಿದರು.

ಒಟ್ಟು ಖರ್ಚು: ತಕ್ಕಡಿ 1,150, ಬಕೆಟ್ 180, ಪ್ರಿಂಟರ್ ಮತ್ತು ಕಾಗದ 2,600, ಕಾರ್ಡು 120. ಸೇರಿ 4,050 ರೂಪಾಯಿ. ನನ್ನ ಸಮಯ ಸುಮಾರು 70 ಗಂಟೆ. ರೈಲಿನ ಟಿಕೆಟ್ ಲೆಕ್ಕಕ್ಕೆ ಹಿಡಿದಿಲ್ಲ.

ಕೊಯ್ಲು ಇನ್ನೂ ಎರಡು ವಾರ ಇದೆ. ಮುಂಗಡ ತೆಗೆದುಕೊಂಡದ್ದು, ತೀರಿಸಿದ್ದು ಈಗಲೂ ಹಳೆ ಪುಸ್ತಕದಲ್ಲೇ ಇದೆ. ಅದನ್ನು ಕಾರ್ಡಿನ ಹಿಂಬದಿಯಲ್ಲಿ ಬರೆಯಬೇಕಾ, ಫೋನು ಗಟ್ಟಿಯಾಗಿ ಹೇಳಬೇಕಾ ಅಂತ ಬಟವಾಡೆ ಮುಗಿದ ಮೇಲೆ ಕೇಳಿದೆ. ಎಲ್ಲರ ಎದುರು ಮುಂಗಡ ಕೂಗಿ ಹೇಳುವುದು ಬೇಡ ಅಂತ ನಾಲ್ಕೈದು ಜನ ಒಟ್ಟಿಗೇ ಅಂದರು. ಮುಂದಿನ ಶನಿವಾರಕ್ಕೆ ಆರು ರಟ್ಟಿನ ತುಂಡು ಕತ್ತರಿಸಿ ಇಟ್ಟಿದ್ದೇನೆ.